ಸರ್ಟಿಫಿಕೇಟಿರುವ ಅಜ್ಜಿ

ಮೊನ್ನೆ ಕಪಾಟಿನ ಮೇಲಿದ್ದ ಹಳೆಯ ಬಿಸ್ಕೀಟು ಡಬ್ಬಿ ಇಳಿಸಿ ಮುಚ್ಚಳ ತೆಗೆದರೆ ಅದರ ತುಂಬ ಒಂಟಿ ಕಾಲುಚೀಲಗಳು. ಎಲ್ಲವೂ ನನ್ನ ಬೆರಳುದ್ದದವು. ಬಾತುಕೋಳಿ ಇದ್ದದ್ದು, ಹಿಮ್ಮಡಿ ತೂತಾದದ್ದು, ಒಗೆದೊಗೆದು ಬಣ್ಣವೇ ಮರೆತುಹೋದದ್ದು. ಎಣಿಸಿದೆ, ಹತ್ತೊಂಬತ್ತು. ಒಂದಕ್ಕೂ ಜೋಡಿಯಿಲ್ಲ. ನಮ್ಮ ಮನೆಗೆ ಬಂದುಹೋದ ಮಕ್ಕಳೆಲ್ಲ ಎರಡು ಕಾಲಿಗೂ ಹಾಕಿಕೊಂಡು ಬಂದು, ಒಂದೇ ಕಾಲಿಗೆ ಹಾಕಿಕೊಂಡು ಹೋದವರು. "ಹೊರಗೆ ಒಗಿ ಮಾರಾಯ್ತಿ ಅದನ್ನ" ಎಂದರು ನಮ್ಮವರು. ನಾನು ಎಸೆಯಲಿಲ್ಲ. ಒಂದೊಂದನ್ನೇ ತೊಡೆಯ ಮೇಲೆ ಹರಡಿಕೊಂಡು ಇದು ಯಾರದ್ದು, ಇದು ಯಾರದ್ದು ಎಂದು ಯೋಚಿಸುತ್ತ ಕೂತೆ. ಏಳುವಷ್ಟರಲ್ಲಿ ಅನ್ನಕ್ಕಿಡುವ ಹೊತ್ತು ಮೀರಿ ಹೋಗಿತ್ತು. ಮಧ್ಯಾಹ್ನ ಅವಲಕ್ಕಿ ಕಲಸಿಕೊಂಡು ತಿಂದೆವು. ತಪ್ಪು ನನ್ನದಾದ್ದರಿಂದ ಒಗ್ಗರಣೆಯನ್ನು ಅವರೇ ಹಾಕಿದರು. ನಮ್ಮ ಮನೆಯಲ್ಲಿ ನ್ಯಾಯ ಹೀಗೆಯೇ.

ನನ್ನ ಹೆಸರು ಭಾಗೀರಥಿ. ಮಕ್ಕಳ ಬಾಯಲ್ಲಿ ಬಾಗಜ್ಜಿ. ಅಜ್ಜಿ ಅನ್ನಿಸಿಕೊಳ್ಳುವ ವಯಸ್ಸು ಆಗ ನನ್ನದಲ್ಲ, ಐವತ್ತಮೂರು. ತಲೆಗೆ ಬಣ್ಣ ಕೂಡ ಹಚ್ಚುತ್ತಿದ್ದೆ. ಆಂಟಿ ಎಂದು ಕರೆಸಿಕೊಳ್ಳಬೇಕೆಂದು ಮೊದಲ ಮಗುವಿಗೆ ಒಂದು ವಾರ ಪಾಠ ಹೇಳಿದೆ. ಅದು ನನ್ನ ಮುಖ ನೋಡಿ "ಅಂಟು" ಎಂದಿತು. ಅಂಟಿಗಿಂತ ಅಜ್ಜಿಯೇ ವಾಸಿ ಎಂದು ಸುಮ್ಮನಾದೆ.

ಆ ಮೊದಲ ಮಗು ಅನನ್ಯಾ. ಅವಳ ತಾಯಿ ಸವಿತಾ ನಮ್ಮ ಓಣಿಯವಳು, ಆಸ್ಪತ್ರೆಯಲ್ಲಿ ನರ್ಸು. ಶಿರಸಿಯ ಇಳಿಜಾರಿನ ಓಣಿಗಳು ನಿಮಗೆ ಗೊತ್ತಲ್ಲ. ಒಬ್ಬರ ಮನೆಯ ಅಂಗಳ ಇನ್ನೊಬ್ಬರ ಮಾಡಿನ ಮಟ್ಟಕ್ಕೆ ಇರುತ್ತದೆ. ಏಳು ಮೆಟ್ಟಿಲು ಹತ್ತಿದರೆ ನಮ್ಮ ಮನೆ. ನಾನು ಒಳಗೆ ಸೀರೆಗೆ ಫಾಲು ಹಚ್ಚುತ್ತ, ರವಿಕೆ ಹೊಲಿಯುತ್ತ ಇದ್ದವಳು. ಅದೊಂದು ಬೆಳಿಗ್ಗೆ ಸವಿತಾ ಹತ್ತು ತಿಂಗಳ ಮಗುವನ್ನು ಸೊಂಟಕ್ಕಿಟ್ಟುಕೊಂಡು ಓಡಿಬಂದಳು. ಮಗು ನೋಡಿಕೊಳ್ಳುತ್ತಿದ್ದ ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ಕಾಲು ಮುರಿದುಕೊಂಡಿದ್ದರು.

"ಚಿಕ್ಕಮ್ಮಾ, ಎರಡೇ ತಾಸು. ಬೇರೆಯವ್ರು ಡ್ಯೂಟಿಗೆ ಬಂದ ಕೂಡ್ಲೆ ಓಡಿ ಬತ್ತೆ" ಎಂದಳು.

ಆ ಎರಡು ತಾಸು ಮೂರು ವರ್ಷವಾಯಿತು. ನನಗೆ ಅದರ ಬಗ್ಗೆ ದೂರಿಲ್ಲ. ಸವಿತಾ ಹೇಳಿ ಅವಳ ಜೊತೆಯ ಇನ್ನೊಬ್ಬ ನರ್ಸಿನ ಗಂಡುಮಗು ಬಂತು. ಅದರ ಹಿಂದೆಯೇ ವೆಲ್ಡಿಂಗ್ ಅಂಗಡಿಯ ಮಕ್ಬೂಲನ ಅವಳಿಮಕ್ಕಳು, ಅವರ ತಾಯಿ ಶಾಲೆಯಲ್ಲಿ ಟೀಚರು. ಹೀಗೆ ಬೆಳೆಯುತ್ತ ಒಟ್ಟು ಏಳು. ಬೋರ್ಡಿಲ್ಲ, ಹೆಸರಿಲ್ಲ, ಒಂದು ಕಾಗದವಿಲ್ಲ. ನಮ್ಮವರು ಬಸ್ಸಿನಲ್ಲಿ ಕಂಡಕ್ಟರಾಗಿದ್ದು ಆಗಷ್ಟೇ ನಿವೃತ್ತರಾಗಿದ್ದರು. ಮಕ್ಕಳು ಬರುವ ಹೊತ್ತಿಗೆ ಪೇಪರು ಹಿಡಿದು ಪೇಟೆಗೆ ಹೋಗಿಬಿಡುತ್ತಿದ್ದರು. ಅವರಿಗೆ ಮಕ್ಕಳೆಂದರೆ ಪ್ರೀತಿಯೇ. ಆದರೆ ಅರ್ಧ ಟಿಕೆಟ್ಟಿನ ವಯಸ್ಸಿಗೆ ಬಂದಮೇಲಿನ ಮಕ್ಕಳು.

ಇಷ್ಟು ಮಕ್ಕಳನ್ನು ಸಂಭಾಳಿಸುವ ವಿದ್ಯೆ ನನಗೆಲ್ಲಿಂದ ಬಂತು ಎಂದು ಕೇಳಿದವರಿಗೆ ನಾನು ಹೆಮ್ಮೆಯಿಂದ ಹುಲಗೋಳದ ಗೌರಕ್ಕನ ಹೆಸರು ಹೇಳುತ್ತಿದ್ದೆ. ನನ್ನ ತವರೂರು ಅದು. ಗದ್ದೆ ಕೊಯ್ಲು ಬಂತೆಂದರೆ ಕೇರಿಯ ಹೆಂಗಸರೆಲ್ಲ ನಡೆಯಲು ಬರುವ, ಬಾರದ ಮಕ್ಕಳನ್ನೆಲ್ಲ ಗೌರಕ್ಕನ ಜಗಲಿಯಲ್ಲಿ ಸುರಿದು ಹೋಗುತ್ತಿದ್ದರು. ಗೌರಕ್ಕನಿಗೆ ಮಕ್ಕಳಿರಲಿಲ್ಲ, ಬಾಯಲ್ಲಿ ನಾಲ್ಕು ಹಲ್ಲಿದ್ದವು, ಮಡಿಲ ತುಂಬ ಬೆಲ್ಲವಿತ್ತು. ಅಳುವ ಮಗುವಿನ ಬಾಯಿಗೆ ಒಂದು ಚೂರು ಬೆಲ್ಲ. ಅತ್ತಿತ್ತ ಹರಿದಾಡುವ ಮಗುವಿನ ಸೊಂಟಕ್ಕೆ ಹಳೆ ಸೀರೆಯ ತುಂಡು, ಅದರ ಇನ್ನೊಂದು ತುದಿ ಕಂಬಕ್ಕೆ. ಅವಳು ಹೇಳುತ್ತಿದ್ದ ಕತೆಗಳಲ್ಲಿ ಹುಲಿ ಯಾವಾಗಲೂ ಸೋಲುತ್ತಿತ್ತು. ನಾನು ಇದನ್ನೆಲ್ಲ ಎಲ್ಲರಿಗೂ ವರ್ಣಿಸುತ್ತಿದ್ದೆ. ಹೇಳದೆ ಬಿಡುತ್ತಿದ್ದ ಒಂದು ಮಾತೂ ಇತ್ತು. ನನ್ನ ಎಡ ಮೊಣಕೈಯ ಹತ್ತಿರ ಅಂಗೈಯಗಲದ ಸುಟ್ಟ ಕಲೆಯಿದೆ. ಗೌರಕ್ಕ ಇನ್ನೊಂದು ಮಗುವನ್ನು ತೊಳೆಯಲು ಹೋದಾಗ ನಾನು ಅವಳ ಬಿಸಿನೀರಿನ ಹಂಡೆಗೆ ಒರಗಿದ್ದೆನಂತೆ. ತೋಳು ಮುಚ್ಚುವ ರವಿಕೆ ಹೊಲಿಯಲು ಕಲಿತದ್ದೇ ಆ ಕಲೆಗಾಗಿ. ಹೊಗಳಿಕೆಯ ಹೊತ್ತಿನಲ್ಲಿ ಅದು ನೆನಪಾಗುತ್ತಲೇ ಇರಲಿಲ್ಲ.

ಅದನ್ನು ನೆನಪಿಸಿದವಳು ನಮ್ಮ ಭಾಗದವಳಲ್ಲ, ಹಾವೇರಿ ಕಡೆಯ ಹುಡುಗಿ. ಮಕ್ಕಳ ಇಲಾಖೆಯ ಮೇಲ್ವಿಚಾರಕಿ, ಹೊಸದಾಗಿ ಬಂದವಳು. ಮನೆಮನೆಗೆ ಹೋಗಿ ಸಣ್ಣ ಮಕ್ಕಳ ಲೆಕ್ಕ ಬರೆದುಕೊಳ್ಳುತ್ತಿದ್ದಳು. ನಮ್ಮ ಮೆಟ್ಟಿಲ ಬುಡದಲ್ಲಿ ಏಳು ಜೊತೆ ಪುಟ್ಟ ಚಪ್ಪಲಿ ಕಂಡು ನಿಂತುಬಿಟ್ಟಳು.

"ಅಮ್ಮಾರ, ಇಷ್ಟೂ ಮಕ್ಕಳು ನಿಮ್ಮ ಮನಿಯಾವೇನ್ರಿ?"

"ಎಲ್ಲ ನಮ್ಮನೆಯವೇ" ಎಂದೆ, ಎದೆಯುಬ್ಬಿಸಿ.

ಅವಳು ನಗಲಿಲ್ಲ. ಒಳಗೆ ಬಂದು, ಚಾಪೆಯ ಮೇಲೆ ಕೂತು, ಒಂದು ಫಾರ್ಮು ತೆಗೆದಳು. ನೋಂದಣಿ ಆಗಿದೆಯೇ? ಇಲ್ಲ. ನಿಮ್ಮ ಜೊತೆಗೆ ಇನ್ಯಾರು ಇರುತ್ತಾರೆ? ದೇವರು ಎಂದೆ. ಅದನ್ನು ಅವಳು ಬರೆದುಕೊಳ್ಳಲಿಲ್ಲ. ತಂದೆತಾಯಿಯರ ಫೋನ್ ನಂಬರು ಎಲ್ಲಿ ಬರೆದಿಟ್ಟಿದ್ದೀರಿ? ಕ್ಯಾಲೆಂಡರಿನ ಹಿಂದೆ, ಎರಡು ವರ್ಷದ ಹಿಂದಿನ ಕ್ಯಾಲೆಂಡರು. ಯಾವ ಮಗುವಿಗೆ ಯಾವ ಔಷಧ ಆಗುವುದಿಲ್ಲ? ನೆನಪಿದೆ. ಮಕ್ಕಳನ್ನು ಒಯ್ಯಲು ಬೇರೆ ಯಾರಾದರೂ ಬಂದರೆ? ಎಲ್ಲರ ಮುಖವೂ ನನಗೆ ಗೊತ್ತು.

ಆಮೇಲೆ ಅವಳು ಎದ್ದು ಮನೆ ಸುತ್ತಿದಳು. ಹಿತ್ತಲ ಬಾವಿಯ ಕಟ್ಟೆ ಅವಳ ಮೊಣಕಾಲಿಗೆ ಬರುತ್ತಿತ್ತು. ಬಚ್ಚಲ ಹಂಡೆ ಹಬೆಯಾಡುತ್ತಿತ್ತು. ಮೆಟ್ಟಿಲ ಮೇಲ್ತುದಿಗೆ ತಡೆಯಿಲ್ಲ. ನಡುಮನೆಗೆ ಬಂದವಳು ನನ್ನ ಗುಂಡಿ ಡಬ್ಬಿ ನೋಡಿದಳು. ಅದು ನನ್ನ ಅಭಿಮಾನದ ವಸ್ತು. ಅಂಗಿಯ ಗುಂಡಿ, ಕೋಟಿನ ಗುಂಡಿ, ಮುತ್ತಿನಂಥವು, ಹಿತ್ತಾಳೆಯವು. ಮಕ್ಕಳು ತಾಸುಗಟ್ಟಲೆ ಅದರಲ್ಲಿ ಬಣ್ಣ ಬೇರೆ ಮಾಡುತ್ತ, ಎಣಿಸುತ್ತ ಕೂರುತ್ತಿದ್ದವು. ಮಕ್ಬೂಲನ ಅವಳಿಗಳಲ್ಲೊಬ್ಬ ಅದರ ಮುಂದೆಯೇ ಕೂತಿದ್ದ. ಅವಳು ಒಂದು ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದು ಕೇಳಿದಳು:

"ಇದು ಕೂಸಿನ ಗಂಟಲದಾಗ ಸಿಕ್ಕರ ಏನ್ ಮಾಡ್ತೀರಿ?"

"ನನ್ನ ಮಕ್ಕಳು ನುಂಗುವುದಿಲ್ಲ."

"ನುಂಗಿದರ್ರಿ?"

ಬೆನ್ನಿಗೆ ಗುದ್ದುತ್ತೇನೆ ಎಂದೇನೋ ಅಂದೆ. ಹೇಗೆ ತೋರಿಸ್ರಿ ಎಂದಳು. ತೋರಿಸಿದೆ. ಅವಳ ಮುಖ ನೋಡಿ, ಹಾಗಲ್ಲವೆಂದು ತಿಳಿಯಿತು. ಹೊರಡುವಾಗ ಎರಡು ತಿಂಗಳ ಗಡುವು ಕೊಟ್ಟಳು. ಹೇಳಿದ್ದನ್ನೆಲ್ಲ ಸರಿಮಾಡಿ ನೋಂದಣಿ ಮಾಡಿಸಬೇಕು, ಇಲ್ಲವೇ ನಿಲ್ಲಿಸಬೇಕು. ಮಾತು ಮೆತ್ತಗೇ ಇತ್ತು. ನನಗೆ ಸಿಟ್ಟು ಬಂದದ್ದೂ ಅದಕ್ಕೇ ಇರಬೇಕು. ಜೋರು ಮಾಡಿದ್ದರೆ ನಾನೂ ಜೋರು ಮಾಡಬಹುದಿತ್ತು.

ಸಂಜೆ ಮಕ್ಕಳನ್ನು ಕರೆದೊಯ್ಯಲು ಬಂದವರನ್ನೆಲ್ಲ ಜಗಲಿಯಲ್ಲಿ ನಿಲ್ಲಿಸಿ ಭಾಷಣ ಮಾಡಿದೆ. ಪ್ರೀತಿಗೆ ಲೈಸೆನ್ಸು ಬೇಕೆ, ತಾಯಿತನಕ್ಕೆ ಸೀಲು ಹೊಡೆಸಬೇಕೆ ಎಂದೆಲ್ಲ ಕೇಳಿದೆ. ನನ್ನ ಮಾತಿಗೆ ನನ್ನದೇ ಕಣ್ಣು ತುಂಬಿತು. ಎಲ್ಲರೂ ನನ್ನ ಕಡೆಯೇ. ಮಕ್ಬೂಲ ಅಂತೂ, "ಅಮ್ಮಾ, ನೀವು ತಲೆಬಿಸಿ ಮಾಡ್ಬೇಡಿ, ನಾವೆಲ್ಲ ಸಹಿ ಮಾಡಿ ಕೊಡ್ತೇವೆ" ಎಂದ. ನಾನು ಗೆದ್ದವಳಂತೆ ಸೆರಗಿನಿಂದ ಮೂಗೊರೆಸಿಕೊಂಡೆ. ಎಲ್ಲರೂ ಹೋದಮೇಲೆ ನೋಡಿದರೆ ಸವಿತಾ ಮಾತ್ರ ಮೆಟ್ಟಿಲ ಮೇಲೆಯೇ ನಿಂತಿದ್ದಳು. ಅನನ್ಯಾ ಅವಳ ಹೆಗಲ ಮೇಲೆ ನಿದ್ದೆ ಹೋಗಿದ್ದಳು.

"ಚಿಕ್ಕಮ್ಮಾ, ಸಿಟ್ಟು ಮಾಡಡಿ. ಆ ಬಾವಿ ನೋಡಿದ್ರೆ ನಂಗೆ ಮೊದಲಿಂದ್ಲೂ ಹೆದ್ರಿಕೆ."

"ಮೂರು ವರ್ಷದಿಂದ ಎಂತಕ್ಕೆ ಹೇಳಿದ್ದಿಲ್ಲೆ?"

"ಹೇಳಲೆ ಧೈರ್ಯ ಬೈಂದಿಲ್ಲೆ. ಹೇಳಿ, ನಿಂಗ ಬೇಜಾರು ಮಾಡ್ಕಂಡು ನಾಳೆಯಿಂದ ಇದನ್ನ ಕರ್ಕಬರಡ ಅಂದ್ರೆ ಆನು ಎಲ್ಲಿಗೆ ಹೋಗ್ಲಿ? ವಾರ್ಡಲ್ಲಿ ಇಂಜೆಕ್ಷನ್ ಹಿಡ್ಕಂಡು ನಿಂತಾಗ ಒಂದೊಂದ್ಸಲ ಬಾವಿ ಕಣ್ಮುಂದೆ ಬತ್ತು."

ಅಷ್ಟು ಹೇಳಿ ಇಳಿದುಹೋದಳು. ನಾನು ಅಲ್ಲೇ ಕೂತೆ. ನನ್ನನ್ನು ತಾಯಿಯಂತೆ ಎಂದು ಹೊಗಳುತ್ತಿದ್ದವರಲ್ಲಿ ಇನ್ನೆಷ್ಟು ಜನ ಹೀಗೆ ಹೆದರಿ ಹೊಗಳುತ್ತಿದ್ದರೋ. ಬೇರೆ ದಾರಿಯಿಲ್ಲದವರ ಮೆಚ್ಚುಗೆಯನ್ನು ನಾನು ಮೂರು ವರ್ಷ ನನ್ನ ಜಾಣ್ಮೆ ಎಂದುಕೊಂಡಿದ್ದೆ. ರವಿಕೆಯ ತೋಳು ಮೇಲೆ ಸರಿಸಿ ಹಳೆಯ ಕಲೆಯನ್ನು ಮುಟ್ಟಿ ನೋಡಿಕೊಂಡೆ.

ಆದರೂ ಹಟ ಅಷ್ಟು ಬೇಗ ಹೋಗುತ್ತದೆಯೇ? ಯಲ್ಲಾಪುರದಲ್ಲಿ ಶಾಹಿದಾ ಎಂಬವರು ಮನೆಯಲ್ಲೇ ಇಂಥದ್ದೊಂದು ನಡೆಸುತ್ತಾರೆ, ಅವರದ್ದು ನೋಂದಣಿಯಾಗಿದೆ, ಒಮ್ಮೆ ನೋಡಿ ಬನ್ನಿ ಎಂದು ಮೇಲ್ವಿಚಾರಕಿ ಹೇಳಿದ್ದಳು. ನೋಡಿ ಕಲಿಯುವುದಕ್ಕಲ್ಲ, ಹುಳುಕು ಹುಡುಕುವುದಕ್ಕೆ ಹೊರಟೆ. ಒಂದು ಶನಿವಾರ ಮಕ್ಕಳಿಗೆ ರಜೆ ಹೇಳಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಆ ಮನೆಯನ್ನು ಕಟ್ಟಿದೆ: ಗೋಡೆ ತುಂಬ ಸರ್ಟಿಫಿಕೇಟು, ಮೂಲೆಯಲ್ಲಿ ಟಿವಿ, ಅದರ ಮುಂದೆ ಸಾಲಾಗಿ ಕೂರಿಸಿದ ಬಾಡಿದ ಮುಖದ ಮಕ್ಕಳು. ಮಂಚಿಕೇರಿ ದಾಟುವಷ್ಟರಲ್ಲಿ ಆ ಕಲ್ಪನೆಯ ಮಕ್ಕಳ ಮೇಲೆ ನನಗೆ ಎಷ್ಟು ಕನಿಕರ ಹುಟ್ಟಿತ್ತೆಂದರೆ, ಚೀಲದಲ್ಲಿದ್ದ ಚಕ್ಕುಲಿಯನ್ನೆಲ್ಲ ಅವರಿಗೇ ಹಂಚುವುದೆಂದು ನಿಶ್ಚಯಿಸಿದ್ದೆ.

ಲಾರಿ ಗ್ಯಾರೇಜುಗಳ ಹಿಂದಿನ ರಸ್ತೆಯಲ್ಲಿ ತಗಡಿನ ಮಾಡಿನ ಸಾಧಾರಣ ಮನೆ. ಶಾಹಿದಾಗೆ ಮೂವತ್ತೈದರ ಆಸುಪಾಸು, ಗಂಡ ಲಾರಿ ಓಡಿಸುತ್ತಾನೆ, ಜೊತೆಗೆ ಅವಳ ನಾದಿನಿ. "ಬರ್ರಿ ಅಕ್ಕಾ, ಆದ್ರೆ ಮೊದಲು ಕೈ ತೊಳ್ಕೊಳ್ಳಿ" ಎಂದಳು, ಬಾಗಿಲಲ್ಲೇ. ಮೊದಲ ಏಟು ಅದು. ಒಳಗೆ ಎಂಟು ಮಕ್ಕಳು. ನನ್ನ ಮನೆಯಲ್ಲಿ ಯಾರಾದರೂ ಬಂದರೆ ಏಳೂ ಮಕ್ಕಳು ಓಡಿಬಂದು ಸೀರೆ ಹಿಡಿಯುತ್ತಿದ್ದವು. ಅದನ್ನು ನಾನು ಅವರ ಸ್ನೇಹಸ್ವಭಾವ ಎಂದುಕೊಂಡಿದ್ದೆ. ಇಲ್ಲಿನ ಮಕ್ಕಳು ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿ ತಂತಮ್ಮ ಆಟಕ್ಕೆ ಮರಳಿದವು. ಅವುಗಳಿಗೆ ಬಂದವರ ಹಸಿವಿರಲಿಲ್ಲ. ಶಾಹಿದಾ ನೆಲದ ಮೇಲೆ ಕೂತಿದ್ದಳು. ನಾನಿದ್ದಷ್ಟು ಹೊತ್ತೂ ಅವಳು ಮಕ್ಕಳೊಡನೆ ನಿಂತು ಮಾತಾಡಿದ್ದನ್ನು ನೋಡಲಿಲ್ಲ. ಒಂದು ಎಳೆಮಗುವಿನ ಬಟ್ಟೆ ಬದಲಿಸುವಾಗ ಅದರ ಮುಖ ನೋಡುತ್ತ, "ಈಗ ಕಾಲು ಎತ್ತತೀನಿ, ಹಾಂ? ಈಗ ತಣ್ಣೀರು ಹತ್ತತದೆ, ಹಾಂ?" ಎಂದು ಪ್ರತಿಯೊಂದನ್ನೂ ಕೇಳಿ ಮಾಡಿದಳು. ನಾನೋ, ಒಂದು ಕೈಯಲ್ಲಿ ಮಗು ತೊಳೆದು ಇನ್ನೊಂದು ಕೈಯಲ್ಲಿ ಸಾರಿಗೆ ಉಪ್ಪು ಹಾಕುವವಳು.

ಬಾಗಿಲ ಪಕ್ಕ ಒಂದು ಪುಸ್ತಕ ತೂಗುಹಾಕಿತ್ತು. ಯಾರು ಎಷ್ಟು ಉಂಡರು, ಎಷ್ಟು ಮಲಗಿದರು, ಎಷ್ಟು ಸಲ ಹೊರಕ್ಕೆ ಹೋದರು, ಎಲ್ಲ ಅದರಲ್ಲಿ. ಅಂತೂ ಒಂದು ಹುಳುಕು ಸಿಕ್ಕಿತೆಂದು ನಾನು ಹೇಳಿದೆ: "ನನಗೆ ಇದನ್ನೆಲ್ಲ ಬರೆಯುವುದು ಬೇಕಾಗುವುದಿಲ್ಲ. ಎಲ್ಲ ನನ್ನ ತಲೆಯಲ್ಲಿರುತ್ತದೆ."

"ನಿಮಗೆ ಜ್ವರ ಬಂದ ದಿನ ನಿಮ್ಮ ತಲೆ ಯಾರ ಹತ್ರ ಇರ್ತದೆ ಅಕ್ಕಾ?" ಎಂದಳು.

ಅಣಕವಲ್ಲ, ನಿಜವಾಗಿಯೇ ಕೇಳಿದ್ದು. ನಾನು ಚಕ್ಕುಲಿ ತೆಗೆದೆ. ಎರಡು ವರ್ಷದೊಳಗಿನವರಿಗೆ ಬೇಡ, ಗಟ್ಟಿಯಿದೆ ಎಂದು ಅದನ್ನೂ ತೆಗೆದಿಟ್ಟಳು.

ನನ್ನ ಮಾನ ಉಳಿಸಿದ್ದು ಒಬ್ಬ ಹುಡುಗ. ಆ ವಾರವಷ್ಟೇ ಸೇರಿದ್ದನಂತೆ. ಕಿಟಕಿಯ ಸರಳು ಹಿಡಿದು ಒಂದೇ ಸಮನೆ ಅಳುತ್ತಿದ್ದ. ಶಾಹಿದಾ, ನಾದಿನಿ ಇಬ್ಬರೂ ಸೋತಿದ್ದರು. ನಾನು ಅವನ ಪಕ್ಕ ಕೂತು, ಅವನನ್ನು ನೋಡದೆ, ಚೀಲದಲ್ಲಿದ್ದ ಬಟ್ಟೆಯ ತುಂಡೊಂದನ್ನು ತೆಗೆದು ಉದ್ದುದ್ದ ಪಟ್ಟಿ ಮಾಡಿ ಹರಿಯತೊಡಗಿದೆ. ಪರ್‌... ಪರ್‌... ಅಳು ನಿಂತು ಕಿವಿಯಾಯಿತು. ಒಂದು ತುದಿ ಅವನ ಕೈಗೆ ಕೊಟ್ಟೆ. ಇಬ್ಬರೂ ಎಳೆದೆವು. ನಾಲ್ಕನೇ ಪಟ್ಟಿಗೆ ನಕ್ಕ, ಎಂಟನೆಯದಕ್ಕೆ ನನ್ನ ತೊಡೆಯ ಮೇಲೆ ಕೂತ. ಹರಿದ ಪಟ್ಟಿಗಳನ್ನು ಮೂರು ಕಾಲಿನ ಜಡೆ ಹೆಣೆದು, ಇದನ್ನು ನಿನ್ನ ಅಮ್ಮನಿಗೆ ಸಂಜೆ ಕೊಡುವ ಎಂದೆ. ಸಂಜೆ ಅಮ್ಮ ಬರುತ್ತಾಳೆಂಬ ಸುದ್ದಿಯನ್ನು ಅವನು ಆ ಜಡೆಯಿಂದಲೇ ನಂಬಿದನೆಂದು ಕಾಣುತ್ತದೆ. ಹಿಡಿದುಕೊಂಡೇ ನಿದ್ದೆ ಹೋದ.

ಶಾಹಿದಾ ಮೆಲ್ಲಗೆ ಹೇಳಿದಳು: "ಇದನ್ನ ಯಾವ ಟ್ರೇನಿಂಗಲ್ಲೂ ಕಲಿಸಿಲ್ಲ ಅಕ್ಕಾ. ನೀವು ಮುಚ್ಚಬೇಡ್ರಿ. ಗೇಟು, ಪುಸ್ತಕ ಎಲ್ಲ ತರಬಹುದು. ಇದನ್ನ ಎಲ್ಲಿಂದ ತರೋದು? ನನ್ನ ಗೋಡೆ ಮೇಲಿನ ಕಾಗದ ಆ ಹುಡುಗನಿಗೆ ಓದಲಿಕ್ಕೆ ಬರ್ತದಾ?" ಆಮೇಲೆ ತನ್ನ ಪುಸ್ತಕದ ಒಂದು ಪುಟಕ್ಕೆ ಹೇಗೆ ಗೆರೆ ಹಾಕಬೇಕೆಂದು ನನಗೆ ಬರೆದು ಕೊಟ್ಟಳು. ಬಸ್ಸಿನಲ್ಲಿ ಮರಳುವಾಗ ನಾನು ಆ ಹಾಳೆಯನ್ನು ಮಡಚದೆ ಹಿಡಿದುಕೊಂಡಿದ್ದೆ.

ಮರುದಿನದಿಂದ ನಮ್ಮ ಮನೆಯಲ್ಲಿ ಮದುವೆಮನೆಯ ಗಡಿಬಿಡಿ. ಮಕ್ಬೂಲ ಬಾವಿಗೆ ಕಬ್ಬಿಣದ ಜಾಲರಿ ಮಾಡಿ ಬೀಗ ಹಾಕುವಂತೆ ಕೂರಿಸಿದ. ಮೆಟ್ಟಿಲಿಗೆ ಅವನೇ ಮಾಡಿದ ಗೇಟನ್ನು ಅವನದೇ ಅವಳಿಗಳು ಮೊದಲ ತಾಸಿನಲ್ಲೇ ತೆರೆದು ತೋರಿಸಿದ್ದರಿಂದ, ನಾಚಿಕೊಂಡು ಚಿಲಕವನ್ನು ಹೊರಗಡೆಗೆ ಬದಲಿಸಿದ. ಗುಂಡಿ ಡಬ್ಬಿ ಕಪಾಟಿನ ಮೇಲಕ್ಕೆ ಹೋಯಿತು, ಮಕ್ಕಳಿಗೆ ಎಣಿಸಲು ಬಟ್ಟೆಯ ಚೆಂಡು ಹೊಲಿದೆ. ಬಚ್ಚಲಿಗೆ ಬಾಗಿಲು ಬಂತು, ಗೋಡೆಗೆ ಯಾವ ಮಗುವನ್ನು ಯಾರು ಒಯ್ಯಬಹುದೆಂಬ ಪಟ್ಟಿ ಬಂತು. ಎಲ್ಲಕ್ಕಿಂತ ಕಷ್ಟದ್ದು ಜೊತೆಗೊಬ್ಬರು ಬೇಕೆಂಬ ಷರತ್ತು. ಯಾರಿದ್ದಾರೆಂದು ಹುಡುಕುತ್ತ ಕೂತಾಗ ನಮ್ಮವರು ಪೇಪರಿನ ಹಿಂದಿನಿಂದ, "ಆನು ಇದ್ನಲೇ" ಎಂದರು.

"ನಿಂಗಕ್ಕೆ ಮಕ್ಕಳನ್ನ ತೊಳಸಲೆ ಬತ್ತ?"

"ಕಲ್ತ್ರೆ ಆತು. ಬಸ್ಸಲ್ಲಿ ತೊಂಬತ್ತು ಜನರನ್ನ ನಿಭಾಯ್ಸಿದ್ದಿ. ಅವ್ರಲ್ಲಿ ಅರ್ಧ ಜನ ಇವಕ್ಕಿಂತ ಜೋರು ಅಳ್ತಿದ್ದಿದ್ವು."

ಪ್ರಥಮ ಚಿಕಿತ್ಸೆ ಕಲಿಸಲು ಸವಿತಾ ಬಂದಳು. ಗೊಂಬೆ ಇರಲಿಲ್ಲ, ಹಿತ್ತಲಲ್ಲಿ ಬೆಳೆದ ದೊಡ್ಡ ಸೌತೆಕಾಯಿಯನ್ನೇ ಮಗುವೆಂದು ಮಾಡಿದೆವು. ಗಂಟಲಿಗೆ ಏನಾದರೂ ಸಿಕ್ಕರೆ ಎಳೆಮಗುವನ್ನು ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿಸಿ, ದವಡೆ ಹಿಡಿದು, ಬೆನ್ನಿನ ನಡುವೆ ಅಂಗೈ ಬುಡದಿಂದ ತಟ್ಟಬೇಕು. ನಾನು ತಟ್ಟಿದ ಹೊಡೆತಕ್ಕೆ ಸೌತೆಕಾಯಿ ಸೀಳಿತು. ನಮ್ಮವರು ಅದನ್ನು ಎತ್ತಿಕೊಂಡ ರೀತಿಯನ್ನೇ ಸವಿತಾ ನೋಡುತ್ತ ನಿಂತಳು. ಅಷ್ಟು ಜೋಪಾನ. ನಮ್ಮದೇ ಮಗ ಎಳೆಮಗುವಾಗಿದ್ದಾಗ ಅವರು ಯಾವಾಗಲೂ ಬಸ್ಸಿನಲ್ಲೇ ಇದ್ದರು. ಎಲ್ಲವನ್ನೂ ಈಗ ಕಲಿಯುತ್ತಿದ್ದರು. ಆ ರಾತ್ರಿಯ ಹುಳಿ ಮಾತ್ರ ಸೀಳಿದ ಸೌತೆಕಾಯಿಯದ್ದೇ.

ತಪಾಸಣೆಯ ದಿನ ಬಂತು. ಮೇಲ್ವಿಚಾರಕಿ ಬೆಳಿಗ್ಗೆ ಹತ್ತಕ್ಕೆ ಬಂದು ಜಾಲರಿಯನ್ನು ಕುಲುಕಿ ನೋಡಿ, ಗೇಟನ್ನು ಎಳೆದು ನೋಡಿ, ಪುಸ್ತಕ ತೆರೆದಳು. ಸರಿಯಾಗಿ ಆಗಲೇ ಕೆಳಗಿನಿಂದ ಗಟ್ಟಿ ಸ್ವರ ಕೇಳಿತು. ಸವಿತಾಳ ತಂದೆ! ಸಿದ್ದಾಪುರದ ಹತ್ತಿರದ ಹೆಗ್ಗರಣೆಯವರು, ಊರಲ್ಲಿ ನಾಲ್ಕು ಜನ ಮಾತು ಕೇಳುವಂಥ ಹಿರಿಯರು. ಪೇಟೆ ಕೆಲಸಕ್ಕೆ ಬಂದವರು ಮೊಮ್ಮಗಳನ್ನು ಎರಡು ದಿನ ಊರಿಗೆ ಒಯ್ಯುವ ಮನಸ್ಸು ಮಾಡಿದ್ದರು. ಅನನ್ಯಾ "ಅಜ್ಜಾ" ಎಂದು ಗೇಟಿಗೆ ಓಡಿದಳು. ನಾನು ಚಿಲಕಕ್ಕೆ ಕೈಹಾಕಿದ್ದೆ. ನಮ್ಮವರು ನನ್ನ ಕೈ ಸರಿಸಿ, ಗೋಡೆಯ ಮೇಲಿನ ಪಟ್ಟಿ ನೋಡಿ ಬಂದರು.

"ನಿಂಗಳ ಹೆಸರು ಇದ್ರಲ್ಲಿ ಇಲ್ಲೆ. ಸವಿತನ ಹತ್ರ ಒಂದು ಮಾತು ಕೇಳಿ ಕಳಿಸ್ತ್ಯ. ಅಲ್ಲಿವರೆಗೆ ಒಳಗೆ ಬಂದು ಕುಳಿತ್ಕಳಿ."

ಅಜ್ಜನ ಮುಖ ಕೆಂಪಾಯಿತು. "ಯನ್ನ ಮೊಮ್ಮಗಳನ್ನ ಕರ್ಕಂಡು ಹೋಪಲೆ ಯನಗೆ ಚೀಟಿ ಬೇಕಾ? ಕೂಸು ಅಜ್ಜಾ ಹೇಳಿ ಕರೀತಾ ಇದ್ದು, ಕಿವಿ ಕೇಳ್ತಿಲ್ಯಾ ನಿಂಗೆ?"

"ಕೇಳ್ತು" ಎಂದರು ನಮ್ಮವರು. "ಆದ್ರೂ ಸವಿತನ ಹತ್ರ ಕೇಳವು."

ಸವಿತಾಗೆ ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಆಪರೇಷನ್ ಕೋಣೆಯಲ್ಲಿದ್ದಾಳೆಂದು ಬೇರೆ ಯಾರೋ ಹೇಳಿದರು. ನಾಳೆಯಿಂದ ಈ ಮನೆಗೆ ಮಗುವನ್ನು ಕಳಿಸಿದರೆ ನೋಡು ಎಂದು ಅಜ್ಜ ಗುಡುಗಿದರು. ಓಣಿಯ ನಾಲ್ಕು ಕಿಟಕಿ ತೆರೆದವು. ಮೇಲ್ವಿಚಾರಕಿ ಪೆನ್ನು ಹಿಡಿದು ನೋಡುತ್ತಿದ್ದಳು. "ಕೊಟ್ಟುಬಿಡಿ ಮಾರಾಯ್ರೇ, ನಿಜವಾದ ಅಜ್ಜನೇ ಹೌದಲ್ಲ" ಎಂದು ನಮ್ಮವರ ಕಿವಿಯಲ್ಲಿ ಪಿಸುಗುಟ್ಟಿದೆ. ಅವರು ತಲೆಯಾಡಿಸಲಿಲ್ಲ. ಗೇಟು ತೆರೆದು ಅಜ್ಜನನ್ನು ಒಳಗೆ ಬಿಟ್ಟುಕೊಂಡು, ಗೇಟು ಹಾಕಿ, ಮಜ್ಜಿಗೆ ತಂದುಕೊಟ್ಟರು. ಅಜ್ಜ ಲೋಟ ಮುಟ್ಟದೆ ಗೋಡೆ ನೋಡುತ್ತ ಕೂತರು. ಅನನ್ಯಾ ಮಾತ್ರ ಅವರಿಗೊಂದು ಬಟ್ಟೆಚೆಂಡು ಕೊಟ್ಟು, "ಇದು ಲಾಡು, ತಿನ್ನು" ಎಂದಳು. ಸಿಟ್ಟಿನಲ್ಲೇ ತಿಂದಂತೆ ಮಾಡಿದರು. ಇನ್ನೊಂದು ಮಗು ಇನ್ನೊಂದು ಲಾಡು ತಂದಿತು. ಮುಕ್ಕಾಲು ತಾಸಿನಲ್ಲಿ ಆರು ಮಕ್ಕಳ ಕೈಯಿಂದ ಲಾಡು ತಿಂದು ಅಜ್ಜ ಮಜ್ಜಿಗೆಯನ್ನೂ ಕುಡಿದಿದ್ದರು. ನಾನು ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದೆನೆಂದರೆ, ತಪಾಸಣೆಗೆ ಬಾಯಿಪಾಠ ಮಾಡಿದ್ದನ್ನೆಲ್ಲ ಮರೆತು, ಗಲಾಟೆಗೆ ಹೆದರಿದ ಎಳೆಮಗುವನ್ನು ನೆಲದಲ್ಲಿ ಕೂತು ತಟ್ಟುತ್ತಿದ್ದೆ.

ಫೋನು ಬಂತು. ಎಲ್ಲರಿಗೂ ಕೇಳುವಂತೆ ಇಟ್ಟೆ. ನಡೆದದ್ದನ್ನು ಹೇಳಿದೆ.

"ಅಪ್ಪಯ್ಯಾ, ನಿಂಗೂ ಕೊಟ್ಟಿದ್ವಿಲ್ಲೆ?"

"ಇಲ್ಲೆ" ಎಂದರು ಅಜ್ಜ, ಮುಖ ಗಂಟಿಕ್ಕಿ.

ಸವಿತಾ ನಕ್ಕಳು. ನಗುತ್ತ ನಗುತ್ತ ಅವಳ ಸ್ವರ ಒಡೆಯಿತು. "ಹಂಗಾರೆ ಆನು ಇನ್ನು ನಿಶ್ಚಿಂತೆಯಿಂದ ಡ್ಯೂಟಿ ಮಾಡಲಕ್ಕು ಅಪ್ಪಯ್ಯಾ. ನಿಂಗೇ ಕೊಡದವ್ವು ಬೇರೆ ಯಾರಿಗೆ ಕೊಡ್ತ?"

ಅಜ್ಜ ಕೈಯಲ್ಲಿದ್ದ ಬಟ್ಟೆಚೆಂಡನ್ನು ಅನನ್ಯಾಳಿಗೆ ಮರಳಿ ಕೊಟ್ಟರು. ಆಮೇಲೆ ಎದ್ದು, ಕನ್ನಡಕ ಹಾಕಿಕೊಂಡು, ಗೋಡೆಯ ಪಟ್ಟಿಯ ಮುಂದೆ ನಿಂತು, ನಮ್ಮವರ ಕಡೆ ಕೈ ಚಾಚಿದರು. "ಪೆನ್ನು ಕೊಡು. ಯನ್ನ ಹೆಸರೂ ಬರ್ಕ. ಸಹಿ ಆನೇ ಮಾಡ್ತೆ."

ಮೇಲ್ವಿಚಾರಕಿ ಹೊರಡುವಾಗ ಮೆಟ್ಟಿಲಲ್ಲಿ ನಿಂತು ಹೇಳಿದಳು: "ಕೊಡೂದು ಬಿಡೂದು ನನ್ನ ಕೈಯಾಗಿಲ್ರಿ, ಮ್ಯಾಲೆ ಕಳಸ್ತೀನಿ. ಆದರ ಈಗ ನೋಡಿದ್ದನ್ನ ಬರೀಲಿಕ್ಕೆ ನನ್ನ ಫಾರ್ಮಿನ್ಯಾಗ ಜಾಗಾನ ಇಲ್ಲ ನೋಡ್ರಿ." ಮತ್ತೆ ಮೆಲ್ಲಗೆ, ತನ್ನ ಹೊಟ್ಟೆಯ ಮೇಲೆ ಕೈಯಿಟ್ಟು, "ದೀಪಾವಳಿ ಮುಂದ ನನಗೂ ಒಂದು ಜಾಗಾ ಬೇಕಾಗ್ತೈತಿ. ನಮ್ಮೂರು ದೂರ ಐತ್ರಿ" ಎಂದಳು. ನಾನು ಆಗಲಿ ಎನ್ನುವಷ್ಟರಲ್ಲಿ ನಮ್ಮವರು, ಅರ್ಜಿ ತುಂಬಿ ಕೊಡಬೇಕಾಗುತ್ತದೆ ಎಂದುಬಿಟ್ಟರು. ಆ ಹುಡುಗಿ ಮೊದಲ ಸಲ ನಕ್ಕದ್ದು ಆಗ.

ಕೆಲವು ವಾರಗಳಲ್ಲಿ ನೋಂದಣಿಯ ಪತ್ರ ಬಂತು. ನನ್ನ ಹೆಸರು, ನಮ್ಮವರ ಹೆಸರು, ಕೆಳಗೆ ನೀಲಿ ಸೀಲು. ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಐವತ್ತಾರನೇ ವಯಸ್ಸಿಗೆ ಪಾಸಾದೆ. ಶಾಹಿದಾಗೆ ಫೋನು ಮಾಡಿದರೆ ಅವಳು ಅತ್ತ ಕಿರುಚಿದ್ದು ನಮ್ಮ ಜಗಲಿಗೆ ಕೇಳಿತು. ಪತ್ರಕ್ಕೆ ಕಟ್ಟು ಹಾಕಿಸಿ, ಬಾಗಿಲು ದಾಟಿದ ಕೂಡಲೇ ಕಣ್ಣಿಗೆ ಬೀಳುವಂತೆ ತೂಗುಹಾಕಿದೆ. ಬೀದಿಯಿಂದ ಕಾಣುತ್ತದೆಯೇ ಎಂದು ಮೆಟ್ಟಿಲು ಇಳಿದು ಮೂರು ಸಲ ನೋಡಿ ಬಂದೆ. ಕಾಣುತ್ತಿರಲಿಲ್ಲ.

ಮರುವಾರ ಒಬ್ಬ ಹೊಸ ತಾಯಿ ಬಂದಳು, ಐದು ತಿಂಗಳ ಮಗುವನ್ನೆತ್ತಿಕೊಂಡು. ನಾನು ನೆಟ್ಟಗೆ ನಿಂತು, ಪತ್ರ ಅವಳಿಗೆ ಸರಿಯಾಗಿ ಕಾಣುವಂತೆ ಪಕ್ಕಕ್ಕೆ ಸರಿದೆ. ಅವಳು ಅದರತ್ತ ಕಣ್ಣೆತ್ತದೆ ನೇರವಾಗಿ ಒಳಗೆ ಹೋದಳು. ಮಕ್ಕಳ ಮುಖಗಳನ್ನು ಒಂದೊಂದಾಗಿ ನೋಡಿದಳು. ಅವು ಒಮ್ಮೆ ತಲೆಯೆತ್ತಿ ಅವಳನ್ನು ನೋಡಿ ಮತ್ತೆ ತಂತಮ್ಮ ಆಟಕ್ಕೆ ಬಗ್ಗಿದವು. ಆಮೇಲೆ ನನ್ನತ್ತ ತಿರುಗಿ ಶುರುಮಾಡಿದಳು: ಹೊಡೀತೀರಾ? ಅತ್ತರೆ ಎಷ್ಟು ಹೊತ್ತು ಬಿಡ್ತೀರಾ? ಹೇಳದೆ ಕೇಳದೆ ನಾನು ಯಾವಾಗ ಬೇಕಾದರೂ ಬರಬಹುದಾ? ಹೀಗೆಲ್ಲ ಕೇಳಿದೆ ಅಂತ ನಿಮಗೆ ಬೇಜಾರಾಗ್ತದಾ?

"ಕೇಳು ತಂಗೀ" ಎಂದೆ. "ಇನ್ನೂ ಇದ್ದರೆ ಕೇಳು."

ಅವಳು ಕೇಳುತ್ತಲೇ ಹೋದಳು. ನಾನು ಹೇಳುತ್ತಲೇ ಹೋದೆ. ಎಲ್ಲ ಮುಗಿದಮೇಲೆ ಮಗುವನ್ನು ನನ್ನತ್ತ ಚಾಚಿದಳು. ಕೈ ತೊಳೆದು ಬಂದು ಎತ್ತಿಕೊಂಡೆ.